‘ಸಿಂಕ್ ಆಗ್ತಿಲ್ಲ’ ಅನ್ನೋದಕ್ಕೆ ನಿಮ್ಮ ಕಡೆ ಏನಂತೀರಿ?

ಎಲ್ಲರಿಗೂ ನಮಸ್ಕಾರ.

ಫೋನಿನಲ್ಲಿರುವ ಫೋಟೋ, ನಂಬರು, ಫೈಲುಗಳು ಮನೆಯ ಕಂಪ್ಯೂಟರಿನಲ್ಲೂ ಹಾಗೇ ಇರುವಂತೆ ಮಾಡುವುದಕ್ಕೆ ‘ಸಿಂಕ್’ ಅಂತಾರಲ್ಲ, ಅದಕ್ಕೆ ನಿಮ್ಮ ಕಡೆ ಬಾಯಲ್ಲಿ ಓಡಾಡುವ ಕನ್ನಡ ಪದ ಏನಾದರೂ ಇದೆಯಾ? ಸಾಗರದ ಹತ್ತಿರದ ನಮ್ಮೂರಿನವರಿಗಾಗಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಫೋನೂ ಕಂಪ್ಯೂಟರೂ ಒಂದಕ್ಕೊಂದು ಮಾತು ಬಿಟ್ಟಾಗ ಏನು ನೋಡಬೇಕು ಅಂತ. ಓದುವವರು ಹೆಚ್ಚಾಗಿ ತೋಟ ನೋಡಿಕೊಂಡು ಊರಲ್ಲೇ ಇರುವ ಹಿರಿಯರು. ಮಕ್ಕಳು ಬೆಂಗಳೂರಿನಿಂದ ಬಂದಾಗ ಎಲ್ಲ ಸರಿಮಾಡಿ ಹೋಗುತ್ತಾರೆ, ಅವರು ಶಿವಮೊಗ್ಗ ದಾಟುವಷ್ಟರಲ್ಲಿ ಮತ್ತೆ ಕೆಡುತ್ತದೆ.

‘ಸಿಂಕ್’ ಅನ್ನೇ ಇಟ್ಟುಕೊಳ್ಳಿ ಅಂತ ಕೆಲವರು ಹೇಳಬಹುದು. ಫೋನಿನ ಸೆಟ್ಟಿಂಗನ್ನು ಕನ್ನಡಕ್ಕೆ ಬದಲಾಯಿಸಿದರೂ ಅಲ್ಲಿ ಕಾಣುವುದು ‘ಸಿಂಕ್ ಮಾಡಿ’ ಅಂತಲೇ. ನನ್ನ ತಕರಾರು ಅದು ಇಂಗ್ಲಿಷ್ ಅಂತಲ್ಲ. ಕೇಬಲ್ಲು, ಚಾರ್ಜರು, ಫೋಲ್ಡರು ಎಲ್ಲ ಹಾಗೇ ಬರೆದಿದ್ದೇನೆ. ಆದರೆ ಈ ಪದ ನಮ್ಮಲ್ಲಿ ಸಿಕ್ಕಿದ್ದಕ್ಕೆಲ್ಲ ಬಳಕೆಯಾಗುತ್ತಿದೆ. ಪೆನ್‌ಡ್ರೈವಿಗೆ ಫೋಟೋ ಹಾಕಿದರೂ ಸಿಂಕ್, ಬ್ಯಾಕಪ್ (ಕಳೆದುಹೋದರೆ ಇರಲಿ ಅಂತ ಬೇರೆ ಕಡೆ ಎತ್ತಿಡುವ ಪ್ರತಿ) ತೆಗೆದರೂ ಸಿಂಕ್, ಬ್ಲೂಟೂತ್ ಸ್ಪೀಕರ್ ಜೋಡಿಸಿದರೂ ಸಿಂಕ್. ಪಾತ್ರೆ ತೊಳೆಯುವ ಸಿಂಕ್ ಬೇರೆ.

ಇದರಿಂದ ನಷ್ಟವೂ ಆಗುತ್ತದೆ. ಹೊಸನಗರದಲ್ಲಿರುವ ನಮ್ಮ ಚಿಕ್ಕಮ್ಮನ ಫೋನಿನ ಫೋಟೋ ಫೋಲ್ಡರು ಕಂಪ್ಯೂಟರಿನ ಜೊತೆ ತಾನೇ ಸಿಂಕ್ ಆಗುವಂತೆ ಮಗ ಮಾಡಿಕೊಟ್ಟಿದ್ದ. ಫೋನಿನಲ್ಲಿ ಜಾಗ ತುಂಬಿತು. ‘ಹೇಗಿದ್ದರೂ ಕಂಪ್ಯೂಟರಲ್ಲಿ ಇದೆಯಲ್ಲ’ ಅಂತ ಅವರು ಫೋನಿನಿಂದ ಒಂದಷ್ಟು ಅಳಿಸಿದರು. ಸ್ವಲ್ಪ ಹೊತ್ತಿಗೆ ಕಂಪ್ಯೂಟರಿನಿಂದಲೂ ಹೋಯಿತು. ಮೊಮ್ಮಗಳ ನಾಮಕರಣದ ಫೋಟೋ ಸಮೇತ! ‘ಸಿಂಕ್ ಅಂದ್ರೆ ಕಾಪಿ ಅಲ್ವೇನೋ?’ ಅಂತ ಫೋನ್ ಮಾಡಿ ಕೇಳಿದರು. ಎರಡೂ ಕಡೆ ಒಂದೇ ಥರ ಇರಬೇಕು ಅಂತ ಹೇಳಿದ್ದಕ್ಕೆ ಯಂತ್ರ ಅಳಿಸಿದ್ದನ್ನೂ ಒಂದೇ ಥರ ಮಾಡಿತ್ತು. ವಾಟ್ಸಾಪಿನಲ್ಲಿ ನೆಂಟರಿಗೆ ಕಳಿಸಿದ್ದ ಕೆಲವು ಮಾತ್ರ ವಾಪಸ್ ಸಿಕ್ಕವು.

ಹಾಗಾಗಿ ಕಾಪಿ, ಬ್ಯಾಕಪ್, ಸಿಂಕ್ ಮೂರೂ ಬೇರೆ ಅಂತ ಹೆಸರಿನಲ್ಲೇ ಗೊತ್ತಾಗಬೇಕು.

ನೋಡಿದ ಪದಗಳು ಇವು. ‘ಏಕಕಾಲಿಕಗೊಳಿಸು’ ಅನ್ನೋದು ಇಂಗ್ಲಿಷ್ ಪದದ ಗ್ರೀಕ್ ಬೇರನ್ನು ಹಿಡಿದು ಮಾಡಿದ್ದು. ಸಿನ್ ಅಂದರೆ ಜೊತೆ, ಕ್ರೋನೋಸ್ ಅಂದರೆ ಕಾಲ. ಆದರೆ ಇಲ್ಲಿ ಕಾಲ ಒಂದೇ ಆಗಬೇಕಿಲ್ಲ. ನಡುವೆ ಇಂಟರ್ನೆಟ್ಟಿನ ಸರ್ವರ್ ಇದ್ದರೆ ಫೋನು ಬೆಳಿಗ್ಗೆ ಕಳಿಸಿದ್ದನ್ನು ಕಂಪ್ಯೂಟರು ರಾತ್ರಿ ಕರೆಂಟು ಬಂದ ಮೇಲೆ ತೆಗೆದುಕೊಳ್ಳಬಹುದು. ‘ಮೇಳೈಸು’ ಕಿವಿಗೆ ಚೆನ್ನಾಗಿದೆ, ಆದರೆ ನಮ್ಮೂರಲ್ಲಿ ಮಾತಾಡುವಾಗ ಯಾರೂ ಅನ್ನಲ್ಲ. ‘ಹೊಂದಿಸು’ ಬಳಸೋಣ ಅಂದರೆ ಸೆಟ್ಟಿಂಗ್ ಬದಲಾಯಿಸುವುದಕ್ಕೂ ಅದೇ ಬರುತ್ತದೆ.

ನನಗೆ ಮನಸ್ಸು ಕೂತಿರುವುದು ‘ತಾಳೆ’ ಮೇಲೆ. ಶಿವಮೊಗ್ಗದ ಅಡಿಕೆ ಮಂಡಿಗೆ ಹೋದವರಿಗೆ ಇದು ಗೊತ್ತಿರುವ ಮಾತು. ಅಡಿಕೆಯ ಬಗೆಗಳಾದ ರಾಶಿ ಎಷ್ಟು ಚೀಲ, ಬೆಟ್ಟೆ ಎಷ್ಟು, ಗೊರಬಲು ಎಷ್ಟು ಅಂತ ಮನೆಯ ಡೈರಿಯಲ್ಲಿ ಒಂದು ಲೆಕ್ಕ, ಮಂಡಿಯ ಖಾತೆಯಲ್ಲಿ ಒಂದು ಲೆಕ್ಕ. ಎದುರು ಬದುರು ಕೂತು ಸಾಲು ಸಾಲಾಗಿ ಓದುತ್ತಾರೆ. ಇಲ್ಲಿರುವುದು ಅಲ್ಲಿಲ್ಲದಿದ್ದರೆ ಬರೆದುಕೊಳ್ಳುತ್ತಾರೆ. ಒಂದೇ ಚೀಲಕ್ಕೆ ಎರಡು ಕಡೆ ಎರಡು ತೂಕ ಇದ್ದರೆ ಚೀಟಿ ಹುಡುಕುತ್ತಾರೆ. ಸಿಂಕ್ ಮಾಡುವ ತಂತ್ರಾಂಶ ಮಾಡುವುದೂ ಬಹುಮಟ್ಟಿಗೆ ಇದನ್ನೇ. ಎರಡೂ ಕಡೆಯ ಫೈಲಿನ ಹೆಸರು, ಗಾತ್ರ, ಬದಲಾದ ಹೊತ್ತು ಇಂಥವನ್ನು ಹೋಲಿಸಿ, ಇಲ್ಲದ್ದನ್ನು ತುಂಬುತ್ತದೆ.

ಒಂದು ಕೊರತೆ ಇದೆ. ‘ತಾಳೆ ನೋಡು’ ಅಂದರೆ ಬರೀ ಹೋಲಿಸುವುದು. ಸರಿಮಾಡುವ ಕೆಲಸ ಅದರಲ್ಲಿ ಬರುವುದಿಲ್ಲ. ‘ತಾಳೆ ಮಾಡು’ ಅಂದರೆ ಎರಡೂ ಬರುತ್ತದೆ ಅಂತ ನನ್ನ ಕಿವಿ ಹೇಳುತ್ತದೆ. ನಿಮಗೆ ಹೇಗೆ ಕೇಳುತ್ತದೆ?

ಕೈಪಿಡಿಯ ವಾಕ್ಯಗಳಲ್ಲಿ ಹಾಕಿ ನೋಡಿದಾಗ ಇನ್ನೊಂದು ಹೊಳೆಯಿತು. ಜನ ‘ಸಿಂಕ್ ಆಗ್ತಿಲ್ಲ’ ಅಂತ ತರುವ ತೊಂದರೆಯಲ್ಲಿ ಜಾಸ್ತಿ ಪಾಲು ಸಿಂಕಿನದೇ ಅಲ್ಲ. ಮೊಬೈಲ್ ಅಂಗಡಿಯವರು ಅದಕ್ಕೆ ಬೇರೆ ಮಾತು ಇಟ್ಟುಕೊಂಡಿದ್ದಾರೆ: ‘ಹಿಡೀತಿಲ್ಲ’. ಕಂಪ್ಯೂಟರಿಗೆ ಫೋನು ಕಂಡೇ ಇಲ್ಲ ಅಂತ ಅರ್ಥ. ಇದಕ್ಕೆ ಕಾರಣ ಕೇಬಲ್ಲೇ ಇರಬಹುದು. ಮಾಮೂಲಿ ಯುಎಸ್‌ಬಿ ಕೇಬಲಿನಲ್ಲಿ ಕರೆಂಟಿಗೆ ಎರಡು ತಂತಿ, ಡಾಟಾಕ್ಕೆ ಎರಡು ತಂತಿ ಇರುತ್ತವೆ. ಕೆಲವು ಅಗ್ಗದ ಕೇಬಲಿನಲ್ಲಿ ಡಾಟಾ ತಂತಿಯೇ ಇರುವುದಿಲ್ಲ. ಚಾರ್ಜ್ ಆಗುತ್ತದೆ, ಫೋಟೋ ಹೋಗಲ್ಲ. ಕೇಬಲ್ ಸರಿ ಇದ್ದರೂ ಆಂಡ್ರಾಯ್ಡ್ ಫೋನುಗಳು ಸಾಮಾನ್ಯವಾಗಿ ಬರೀ ಚಾರ್ಜಿಂಗಿಗೆ ನಿಂತಿರುತ್ತವೆ. ಲಾಕ್ ತೆಗೆದು, ಮೇಲಿನಿಂದ ನೋಟಿಫಿಕೇಶನ್ ಎಳೆದು, ಫೈಲ್ ವರ್ಗಾವಣೆ ಅಂತ ಆರಿಸಬೇಕು. ಐಫೋನ್ ಆದರೆ ಈ ಕಂಪ್ಯೂಟರನ್ನು ನಂಬಬಹುದಾ ಅಂತ ಕೇಳುತ್ತದೆ, ಹೂಂ ಅನ್ನಬೇಕು. ವೈಫೈ ಮೂಲಕವಾದರೆ ಎರಡೂ ಒಂದೇ ರೂಟರಿನಲ್ಲಿವೆಯಾ ನೋಡಬೇಕು. ಅತಿಥಿಗಳಿಗೆ ಅಂತ ಇಟ್ಟ ಗೆಸ್ಟ್ ವೈಫೈಗೆ ಫೋನು ಸಿಕ್ಕಿಕೊಂಡಿದ್ದರೆ ಸಾಮಾನ್ಯವಾಗಿ ಕಂಪ್ಯೂಟರು ಕಾಣುವುದಿಲ್ಲ.

ಹಿಡಿದ ಮೇಲೂ ಕೆಲವು ಫೋಟೋ ಬಂದು ಕೆಲವು ಬರದಿದ್ದರೆ ಆಗ ‘ತಾಳೆ ಆಗ್ತಿಲ್ಲ’ ಅನ್ನಬಹುದು. ಬ್ಯಾಟರಿ ಉಳಿಸಲು ಫೋನು ಆ ಆ್ಯಪನ್ನು ಹಿನ್ನೆಲೆಯಲ್ಲಿ ನಿಲ್ಲಿಸಿರಬಹುದು. ಗೂಗಲಿನ 15 ಜಿಬಿ ಉಚಿತ ಜಾಗ ತುಂಬಿರಬಹುದು. ಮೇಲ್, ಡ್ರೈವ್, ಫೋಟೋ ಮೂರಕ್ಕೂ ಸೇರಿ ಅಷ್ಟೇ ಜಾಗ, 2021ರ ಜೂನ್‌ನಿಂದ ಹೊಸ ಫೋಟೋಗಳೂ ಅದರಲ್ಲೇ ಲೆಕ್ಕ. ಫೋನಿನ ತಾರೀಖು ತಪ್ಪಿದ್ದರೆ ಸುರಕ್ಷಿತ ಸಂಪರ್ಕವೇ ಆಗದೆ ಹೋಗಬಹುದು.

‘ಹಿಡೀತಿಲ್ಲ’, ‘ತಾಳೆ ಆಗ್ತಿಲ್ಲ’ ಇವೆರಡನ್ನು ಬೇರೆ ಮಾಡಿದ್ದರಿಂದಲೇ ಕೈಪಿಡಿಗೆ ಎರಡು ಭಾಗ ಸಿಕ್ಕಿತು. ‘ಸಿಂಕ್ ತೊಂದರೆ’ ಅಂತ ಒಂದೇ ತಲೆಬರಹ ಹಾಕಿದ್ದರೆ, ಕೇಬಲ್ ಬದಲಾಯಿಸಿದರೆ ಮುಗಿಯುವ ಕೆಲಸಕ್ಕೆ ಜನ ಸುಮ್ನೆ ಆ್ಯಪ್ ಅಳಿಸಿ ಹಾಕುತ್ತಾ ಕೂರುತ್ತಿದ್ದರು.

ನಿಮ್ಮಿಂದ ತಿಳಿಯಬೇಕಾದ್ದು ಮುಖ್ಯವಾಗಿ ಎರಡು. ಧಾರವಾಡ, ಮೈಸೂರು, ಕರಾವಳಿ ಕಡೆಯವರು ‘ತಾಳೆ’ ಅಂದ ಕೂಡಲೇ ತಾಳೆ ಮರ, ತಾಳೆ ಎಣ್ಣೆ ಅಂತ ತಿಳಿಯುವ ಅಪಾಯ ಇದೆಯಾ? ಎರಡನೆಯದು ಸ್ವಲ್ಪ ಕಷ್ಟದ್ದು. ಒಂದೇ ಫೈಲನ್ನು ಫೋನಿನಲ್ಲೂ ಕಂಪ್ಯೂಟರಿನಲ್ಲೂ ಬೇರೆ ಬೇರೆ ತಿದ್ದಿದ್ದರೆ ಸಿಂಕ್‌ಥಿಂಗ್‌ನಂಥ ತಂತ್ರಾಂಶ ಎರಡನ್ನೂ ಉಳಿಸಿ, ಒಂದರ ಹೆಸರಿಗೆ ‘ಸಿಂಕ್-ಕಾನ್‌ಫ್ಲಿಕ್ಟ್’ ಅಂತ ಬಾಲ ಅಂಟಿಸುತ್ತದೆ. ಅದಕ್ಕೆ ‘ಸಂಘರ್ಷ ಪ್ರತಿ’ ಅಂದರೆ ಯುದ್ಧವೇ ಆದಂತಿದೆ. ‘ತಕರಾರು ಪ್ರತಿ’ ಅಂತ ಸದ್ಯಕ್ಕೆ ಬರೆದಿಟ್ಟಿದ್ದೇನೆ, ಕೋರ್ಟಿನ ವಾಸನೆ ಹೊಡೆಯುತ್ತಿದೆ. ಇನ್ನೂ ಹಗುರವಾದ ಪದ ಇದ್ದರೆ ತಿಳಿಸಿ. ಅಚ್ಚಿಗೆ ಕೊಡುವ ಮುಂಚೆ ಸಿಕ್ಕರೆ ಉಪಕಾರ.