ಸಹಾಯ ಬೇಕು: ಅಣ್ಣ ದಿವಾಳಿ ಅರ್ಜಿ ಹಾಕಿದರೆ ಅಮ್ಮ ಇರುವ ಮನೆ ಏನಾಗುತ್ತದೆ?

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಅಣ್ಣನ ಬಟ್ಟೆ ಅಂಗಡಿ ಮುಚ್ಚಿತು. ಪರ್ಸನಲ್ ಲೋನ್, ಕ್ರೆಡಿಟ್ ಕಾರ್ಡ್, ಕೈಸಾಲ ಸೇರಿ ಸುಮಾರು 18 ಲಕ್ಷ ಬಾಕಿ. ಬ್ಯಾಂಕಿನಲ್ಲಿ ಒನ್ ಟೈಮ್ ಸೆಟಲ್‌ಮೆಂಟ್ (ಒಪ್ಪಿದ ಕಡಿಮೆ ಮೊತ್ತ ಕಟ್ಟಿ ಸಾಲ ಮುಗಿಸುವುದು) ಕೇಳಿದೆವು, ಅವರು ಹೇಳಿದ ಮೊತ್ತ ಹೊಂದಿಸೋಕೆ ಆಗಲಿಲ್ಲ. ಈಗ ರಿಕವರಿಯವರು ಅಮ್ಮನಿಗೂ ಫೋನ್ ಮಾಡುತ್ತಿದ್ದಾರೆ. ಅಮ್ಮ ಯಾವುದಕ್ಕೂ ಜಾಮೀನು ಹಾಕಿಲ್ಲ!

ವಕೀಲರನ್ನು ಕೇಳಿದೆವು. 2016ರ ದಿವಾಳಿ ಕಾನೂನಿನಲ್ಲಿ ವ್ಯಕ್ತಿಗಳ ಭಾಗ ಸದ್ಯ ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗಷ್ಟೇ ಜಾರಿಯಲ್ಲಿದೆಯಂತೆ, ಅಣ್ಣನಂಥವರು 1920ರ ಹಳೇ ಕಾಯ್ದೆಯಡಿ ಜಿಲ್ಲಾ ಕೋರ್ಟಿಗೇ ಹೋಗಬೇಕಂತೆ. ಅತ್ತಿಗೆಗೆ ಕೋರ್ಟ್ ಹೇಳಿರುವ ಜೀವನಾಂಶ ದಿವಾಳಿಯಾದರೂ ಮನ್ನಾ ಆಗಲ್ಲ ಎಂದರು. ಅದು ಸರಿಯೇ, ಮಗುವಿನ ಖರ್ಚು ನಿಲ್ಲಬಾರದು ಅಲ್ವಾ.

ಗೊಂದಲ ಇರುವುದು ಮನೆಯದ್ದು. ಅಪ್ಪ ಸ್ವಂತ ದುಡಿಮೆಯಲ್ಲಿ ಕಟ್ಟಿಸಿದ್ದು, ವಿಲ್ ಬರೆದಿರಲಿಲ್ಲ. ಅಮ್ಮ, ಅಣ್ಣ, ನಾನು ಮೂವರೇ ವಾರಸುದಾರರು. ಖಾತೆ ಜಂಟಿಯಾಗಿದೆ, ಭಾಗ ಆಗಿಲ್ಲ, ಎಲ್ಲೂ ಅಡ ಇಟ್ಟಿಲ್ಲ. ಅಣ್ಣನ ಪಾಲನ್ನು ಈಗಲೇ ಅಮ್ಮನ ಹೆಸರಿಗೆ ಬರೆಸಿಬಿಡಿ ಅಂತ ನೆಂಟರು ಹೇಳುತ್ತಾರೆ, ಆದರೆ ಅಂಥ ವರ್ಗಾವಣೆಯನ್ನು ಕೋರ್ಟ್ ರದ್ದು ಮಾಡಬಹುದು, ಆ ದಾರಿ ನಮಗೆ ಬೇಡ.

ನನ್ನ ಪ್ರಶ್ನೆ ಇಷ್ಟೇ. ಕೋರ್ಟ್ ನೇಮಿಸುವ ರಿಸೀವರ್ (ದಿವಾಳಿಯಾದವರ ಆಸ್ತಿ ವಹಿಸಿಕೊಂಡು ಮಾರಿ ಸಾಲಗಾರರಿಗೆ ಹಂಚುವವರು) ಅಣ್ಣನ ಮೂರನೇ ಒಂದು ಪಾಲನ್ನು ಮಾತ್ರ ಮಾರುತ್ತಾರಾ, ಇಲ್ಲ ಇಡೀ ಮನೆ ಹರಾಜಿಗೆ ಬರುತ್ತದಾ? ಆ ಪಾಲನ್ನು ಮಾರ್ಕೆಟ್ ಬೆಲೆ ಕೊಟ್ಟು ನಾನೇ ಕೊಳ್ಳಲು ಅವಕಾಶ ಇದೆಯಾ? ಇಂಥ ಕೇಸ್ ನೋಡಿದವರು ದಯವಿಟ್ಟು ತಿಳಿಸಿ.