ವಾರದ ರಜೆ ಮುಗಿದ ದಿನವೇ ಎದೆ ಬಿಗಿತ: ಅಸ್ತಮಾನಾ, ಹತ್ತಿ ಧೂಳಾ?

ಡೊಂಬಿವಲಿ ಓದುಗ:
ನಮ್ಮ ಭಾವ ಭಿವಂಡಿಯಲ್ಲಿ ವೇಸ್ಟ್ ಹತ್ತಿ ಬಿಡಿಸುವ ವಿಲೋ ಮಷೀನ್ ಮೇಲಿದ್ದಾರೆ. ಶುಕ್ರವಾರ ರಜೆ. ಶನಿವಾರ ಪಾಳಿ ಶುರುವಾಗಿ ಮೂರ್ನಾಲ್ಕು ಗಂಟೆಗೆ ಎದೆ ಬಿಗಿತ, ಒಣಕೆಮ್ಮು, ಭಾನುವಾರಕ್ಕೆ ಕಮ್ಮಿ. ಎಕ್ಸ್‌ರೇ ನಾರ್ಮಲ್. ಅಸ್ತಮಾ ಅಂತ ಇನ್‌ಹೇಲರ್ ಕೊಟ್ಟಿದ್ದಾರೆ. ಮುಂದೇನು? ಇಎಸ್‌ಐ ಇದೆ.

ಶ್ವಾಸ ತಪಾಸಕ:
ಇದು ಬಿಸಿನೋಸಿಸ್, ಅಂದರೆ ಹತ್ತಿ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ ಇರಬಹುದು, ತಡಮಾಡಬೇಡಿ. ಸತತ ಧೂಳಿಗೆ ದೇಹ ಸ್ವಲ್ಪ ಒಗ್ಗುತ್ತದೆ, ರಜೆಯಲ್ಲಿ ಆ ಒಗ್ಗಿಕೆ ಹೋಗುತ್ತದೆ. ಅದಕ್ಕೇ ಮೊದಲ ದಿನ ಜಾಸ್ತಿ. ಎಕ್ಸ್‌ರೇಯಲ್ಲಿ ಈ ಕಾಯಿಲೆಗೆ ತನ್ನದೇ ಗುರುತಿಲ್ಲ, ಅದನ್ನು ನಂಬಿ ಕೂರಬೇಡಿ. ಸ್ಪೈರೊಮೆಟ್ರಿ (ಊದಿಸಿ ಉಸಿರಿನ ಶಕ್ತಿ ಅಳೆಯುವ ಪರೀಕ್ಷೆ) ಯಾವಾಗ ಅನ್ನುವುದೇ ಮುಖ್ಯ. ರಜೆ ದಿನ ಊದಿಸಿದರೆ ಸರಿಯಾಗೇ ಬಂದುಬಿಡಬಹುದು. ಶನಿವಾರ ಪಾಳಿಗೆ ಮುಂಚೆ ಒಮ್ಮೆ, ಆರು ಗಂಟೆ ಕೆಲಸವಾದ ಮೇಲೆ ಇನ್ನೊಮ್ಮೆ. ಎಫ್‌ಇವಿ1 (ಮೊದಲ ಸೆಕೆಂಡಿನಲ್ಲಿ ಜೋರಾಗಿ ಹೊರಬಿಡುವ ಗಾಳಿ) ಶೇ 5 ಅಥವಾ 200 ಮಿ.ಲೀ. ಇಳಿದರೆ ಅಮೆರಿಕದ ಹತ್ತಿ ಧೂಳಿನ ನಿಯಮದಲ್ಲಿ ಅದು ಎಚ್ಚರಿಕೆಯ ಗಂಟೆ.

ಲ್ಯಾಬ್ ದೂರವಿದ್ದರೆ ಉಸಿರು ಹೊರಬರುವ ವೇಗ ತೋರಿಸುವ ಪೀಕ್ ಫ್ಲೋ ಮೀಟರ್ ತನ್ನಿ. ನಿಂತು, ಎದೆತುಂಬ ಉಸಿರೆಳೆದು, ತುಟಿ ಬಿಗಿಹಿಡಿದು ಜೋರಾಗಿ ಮೂರು ಸಲ ಊದಿ, ದೊಡ್ಡ ಅಂಕಿ ಮಾತ್ರ ಬರೆಯಿರಿ. ದಿನಕ್ಕೆ ನಾಲ್ಕು ಸಲ, ನಾಲ್ಕು ವಾರ, ಶುಕ್ರವಾರವೂ ಸೇರಿ. ಇನ್‌ಹೇಲರ್ ತಗೊಂಡ ಹೊತ್ತನ್ನೂ ಪಕ್ಕದಲ್ಲಿ ಬರೆಯದಿದ್ದರೆ ಆ ಪಟ್ಟಿ ಯಾತಕ್ಕೂ ಬರಲ್ಲ. ಸ್ವಂತ ಬುದ್ಧಿಯಿಂದ ಔಷಧ ನಿಲ್ಲಿಸಬೇಡಿ.

ಹಳೆ ಜಾಬರ್ (ಗಿರಣಿ ಮೇಸ್ತ್ರಿ):
ಗಿರಣಿಯಲ್ಲಿ ಬ್ಲೋ ರೂಮ್ (ಹತ್ತಿ ಬಿಡಿಸಿ ಶುಚಿ ಮಾಡುವಲ್ಲಿ), ಕಾರ್ಡಿಂಗ್ (ಎಳೆ ಬಾಚುವಲ್ಲಿ) ಖಾತೆಗಳಲ್ಲೇ ಧೂಳು ಹೆಚ್ಚು. ವೇಸ್ಟ್ ಬಿಡಿಸುವ ಕೆಲಸವೂ ಅದೇ ಸಾಲಿನದು. ಎಲೆಚೂರು, ಅದಕ್ಕಂಟಿದ ಬ್ಯಾಕ್ಟೀರಿಯಾದ ವಿಷ ಎಲ್ಲ ಒಳಗೆ ಹೋಗುತ್ತದೆ. ವಿಲೋಗೆ ಮುಚ್ಚಳ ಹಾಕಿ, ಧೂಳು ಏಳುವ ಜಾಗದಲ್ಲೇ ಎಳೆಯುವ ಎಕ್ಸಾಸ್ಟ್ ಕೂರಿಸಲೇಬೇಕು. ಗೋಡೆ ಫ್ಯಾನ್ ಸಾಲದು, ಅದು ಧೂಳನ್ನು ಕೆಲಸಗಾರನ ಮುಖದ ಮುಂದೆಯೇ ಹಾಯಿಸುತ್ತದೆ. ಪಾಳಿ ಕೊನೆಗೆ ಕಂಪ್ರೆಸರ್ ಗಾಳಿ ಊದಿ ಮಷೀನ್ ಒರೆಸುವ ಚಾಳಿ ಇದೆಯಲ್ಲ, ಅದನ್ನು ಮೊದಲು ಬಿಡಿಸಿ, ವ್ಯಾಕ್ಯೂಮ್ ಬಳಸಿ. ಕರ್ಚೀಫ್ ಕಟ್ಟಿದರೆ ಸೂಕ್ಷ್ಮ ಧೂಳು ನಿಲ್ಲಲ್ಲ, ಎನ್95 ಮಾಸ್ಕ್ ಬೇಕು. ಗಡ್ಡವಿದ್ದರೆ ಅದೂ ಕೂರಲ್ಲ.

ಡೊಂಬಿವಲಿ ಓದುಗ:
ವಾಸಿಯಾಗುತ್ತಾ? ಬೀಡಿ ಸೇದುತ್ತಾರೆ.

ಶ್ವಾಸ ತಪಾಸಕ:
ಶನಿವಾರಕ್ಕಷ್ಟೇ ಸೀಮಿತವಾಗಿರುವಾಗ ಧೂಳಿನಿಂದ ದೂರವಾದರೆ ಸಾಮಾನ್ಯವಾಗಿ ಸುಧಾರಿಸುತ್ತದೆ. ವಾರವಿಡೀ ಹರಡಿ ವರ್ಷಗಟ್ಟಲೆ ಉಳಿದರೆ ಹೋದ ಉಸಿರು ಪೂರ್ತಿ ಮರಳುವುದಿಲ್ಲ. ಬೀಡಿ ಇವತ್ತೇ ನಿಲ್ಲಿಸಲಿ.

ಇಎಸ್‌ಐ ಡಿಸ್ಪೆನ್ಸರಿಗೆ ಹೋದಾಗ ಯಾವ ಮಷೀನ್, ಎಷ್ಟು ವರ್ಷ, ರಜೆ ಯಾವತ್ತು, ತೊಂದರೆ ಯಾವತ್ತು ಅಂತ ಕಾಗದದಲ್ಲಿ ಬರೆದು ಕೊಡಿ, ಕೇಸ್ ಪೇಪರ್‌ನಲ್ಲಿ ಸೇರಿಸಲು ಹೇಳಿ. ಹಳೆಯ ಇಎಸ್‌ಐ ಕಾಯ್ದೆಯ ಬದಲಿಗೆ 2025ರಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯ ಮೂರನೇ ಷೆಡ್ಯೂಲ್‌ನಲ್ಲಿ ಇದು ಔದ್ಯೋಗಿಕ ಕಾಯಿಲೆ. ಬರೀ ‘ಅಸ್ತಮಾ’ ಅಂತ ದಾಖಲಾದರೆ ಪರಿಹಾರ ಕೇಳಲು ಕಷ್ಟ. ಜತೆಗೆ ವೇತನ ಚೀಟಿಗಳ ಜೆರಾಕ್ಸ್ ಇರಲಿ.