ಸಹಾಯ ಬೇಕು: ವಿದ್ಯಾರ್ಥಿಗಳ ಆಹಾರ ಸಮೀಕ್ಷೆಗೆ ನಮ್ಮೂರ ಅಡುಗೆಯ ಅಳತೆಗಳು

ಮಾನ್ಯ ಸದಸ್ಯರೇ, ಮಂಗಳೂರಿನಲ್ಲಿ ಹಾಸ್ಟೆಲ್ ಹಾಗೂ ಪಿಜಿಗಳಲ್ಲಿರುವ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಏನನ್ನು, ಎಷ್ಟು, ಯಾವ ಹೊತ್ತಿಗೆ ತಿನ್ನುತ್ತಾರೆ ಎಂಬುದನ್ನು, ಹಿಂದಿನ 24 ಗಂಟೆಗಳ ನೆನಪಿನ ಆಧಾರದಲ್ಲಿ ನನ್ನ ಸ್ನಾತಕೋತ್ತರ ಪ್ರಬಂಧಕ್ಕಾಗಿ ದಾಖಲಿಸುತ್ತಿದ್ದೇನೆ. ಒಂದು ದಿನದ ಊಟದಿಂದ ಒಬ್ಬರ ಅಭ್ಯಾಸ ತಿಳಿಯದು. ಆದ್ದರಿಂದ ಒಂದು ರಜಾದಿನವೂ ಸೇರಿ ಎರಡು ದಿನಗಳ ವಿವರ ಪಡೆಯುತ್ತೇನೆ. ಸಂಜೆ ಚಹಾದ ಜೊತೆಗಿನ ಗೋಳಿಬಜೆ, ಬನ್ಸ್‌ಗಳನ್ನು ಬಹಳ ಮಂದಿ ಹೇಳಲು ಮರೆಯುವುದರಿಂದ ಅವನ್ನು ಪ್ರತ್ಯೇಕವಾಗಿಯೇ ಕೇಳುತ್ತೇನೆ.

ತೊಡಕಿರುವುದು ಅಳತೆಯಲ್ಲಿ. ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು-ತರಕಾರಿ ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದರೆ ವಿದ್ಯಾರ್ಥಿಯೊಬ್ಬರು "ಎರಡು ಸೌಟು ಬಸಳೆ ಪದಾರ್ಥ" ಎಂದಾಗ, ಅದರಲ್ಲಿ ಸೊಪ್ಪು ಎಷ್ಟು, ಅರೆದ ತೆಂಗಿನಕಾಯಿ ಎಷ್ಟು ಎಂದು ಬೇರ್ಪಡಿಸಲು ನನ್ನಲ್ಲಿ ಆಧಾರವಿಲ್ಲ. ಅಂದಾಜಿನಿಂದ ಅಂಕಿ ತುಂಬಿಸಿದರೆ ಇಡೀ ಅಧ್ಯಯನವೇ ದಾರಿ ತಪ್ಪುತ್ತದೆ.

ಹಾಸ್ಟೆಲ್ ಮೆಸ್ ಅಥವಾ ಕ್ಯಾಂಟೀನುಗಳಲ್ಲಿ ಅಡುಗೆ ಮಾಡುವವರು ಈ ಗುಂಪಿನಲ್ಲಿದ್ದರೆ, ನೂರು ಜನರ ಸಾಂಬಾರು, ಪಲ್ಯ, ಮೀನು ಪದಾರ್ಥಗಳಿಗೆ ತರಕಾರಿ, ಬೇಳೆ, ಕಾಯಿ, ಎಣ್ಣೆಯನ್ನು ಎಷ್ಟೆಷ್ಟು ಹಾಕುತ್ತೀರಿ, ಒಂದು ಸೌಟಿನಲ್ಲಿ ಎಷ್ಟು ಹಿಡಿಯುತ್ತದೆ ಎಂಬುದನ್ನು ದಯವಿಟ್ಟು ತಿಳಿಸಿ. ಇಂಥ ಸಮೀಕ್ಷೆ ನಡೆಸಿದ ಪೋಷಣಾ ತಜ್ಞರು ನನ್ನ ಕನ್ನಡ ಪ್ರಶ್ನಾವಳಿಯನ್ನು ಒಮ್ಮೆ ಓದಿ ತಿದ್ದಿಕೊಟ್ಟರೆ ಬಹಳ ಉಪಕಾರವಾಗುತ್ತದೆ.